ಬಚ್ಚಲ ಗೋಡೆಗೆ ಹೇಳಿದ್ದು

“ತಾನು ಮಾಡಿದ ಕೆಲಸದ ಎದುರು ನಿಂತ್ಕೊಳ್ಳೋಕೆ ಆಗದವರು ಕೆಲಸಕ್ಕೆ ಕೈ ಹಾಕ್ಬಾರ್ದು,” ಎಂದು ಅವಳು ಬಚ್ಚಲಿನ ಗೋಡೆಗೆ ಹೇಳಿದಳು. ಧ್ವನಿ ನಡುಗಲಿಲ್ಲ. ಇವತ್ತಿನದು ಚೆನ್ನಾಗಿ ಬಂತು ಅನ್ನಿಸಿತು. ಅದೇ ಹುರುಪಿನಲ್ಲಿ ಮುಂದುವರಿಸಿದಳು. “ಮರ್ಯಾದೆ ಕೊಟ್ಟು ಮಾತಾಡಿಸಿದ್ದನ್ನ ನೀವು ಸಸಾರ ಅಂದ್ಕೊಂಡ್ರಿ. ನಿಮಗೆ ನಾಚಿಕೆ ಅನ್ನೋದು ಏನಾದ್ರೂ ಇದ್ರೆ...”

“ಇದೆ ಕಣ್ರೀ,” ಎಂದಿತು ನೆಲ.

ಅವಳು ಗೋಡೆಗೆ ಅಂಟಿಕೊಂಡಳು.

“ಸಾಕಷ್ಟು ಇದೆ,” ಎಂದಿತು ಆ ಗಂಡು ಧ್ವನಿ ಮತ್ತೆ, ಮೂಲೆಯ ಪೈಪಿನ ಬುಡದಿಂದ. “ದಿನಾ ಬೆಳಿಗ್ಗೆ ನಾನು ಗಡ್ಡ ಕೆರ್ಕೊಳ್ಳೋ ಹೊತ್ತಿಗೆ ಸರಿಯಾಗಿ ಶುರು ಮಾಡ್ತೀರಲ್ಲ, ನಾನು ನಿಮಗೇನ್ರೀ ಮಾಡಿದ್ದೀನಿ? ಸೋರ್ತಿರೋದು ನಿಮ್ಮ ಮನೆ, ನೆನೀತಿರೋದು ನನ್ನ ಮನೆ, ನಾಚಿಕೆ ಮಾತ್ರ ನನಗೇ ಆಗ್ಬೇಕಾ?”

ಪೈಪು ನೆಲವನ್ನು ತೂರಿ ಕೆಳಗಿಳಿಯುವ ಕಡೆ, ಅದರ ಸುತ್ತ ಒಂದು ತೂತು ಬಾಯಿ ತೆರೆದುಕೊಂಡಿತ್ತು. ಅದಕ್ಕೆ ಕಾಂಟ್ರಾಕ್ಟರ್ ಒಂದು ಸಿಮೆಂಟ್ ಚೀಲದ ಚೂರನ್ನು ತುರುಕಿ ಹೋಗಿದ್ದ. ಅವಳು ಅಲ್ಲಿಂದ ಓಡಿ ಬಂದು ಅಡುಗೆಮನೆಯಲ್ಲಿ ನಿಂತಳು. ಕಿವಿ ಬೆಚ್ಚಗಾಗಿತ್ತು. ಇಷ್ಟು ದಿನ ತಾನು ಏನೇನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಎರಡನೆಯ ದಿನದ ಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಕರೆಗಂಟೆ ಬಾರಿಸಿತು.

ಬಾಗಿಲಲ್ಲಿದ್ದವನ ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದರಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ಭುಜದ ಮೇಲೆ ಸುಣ್ಣದ ಸಣ್ಣ ಹಕ್ಕಳೆ. ಜಗಳಕ್ಕೇ ಬಂದವನು ಅವಳ ಮುಖ ನೋಡಿ ಒಂದು ಕ್ಷಣ ತಡೆದ. ಬೈಗುಳ ಕೇಳಿ ಮನಸ್ಸಿನಲ್ಲಿ ಅವನು ಕಟ್ಟಿಕೊಂಡಿದ್ದ ಹೆಂಗಸು ಬೇರೆಯೇ ಇದ್ದಿರಬೇಕು. ಇವಳು ಬಾಗಿಲ ಹಿಂದೆ ಅರ್ಧ ಅಡಗಿ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

“ನಾನು ನಿಮ್ಮನ್ನ ಬೈದಿದ್ದಲ್ಲ,” ಎಂದಳು.

“ಮತ್ತೆ?”

“ಕಾಂಟ್ರಾಕ್ಟರನ್ನ.”

ಅವನು ತಿರುಗಿ ಮೆಟ್ಟಿಲ ಕಡೆ ನೋಡಿದ, ಆ ಕಾಂಟ್ರಾಕ್ಟರ್ ಅಲ್ಲೆಲ್ಲಾದರೂ ನಿಂತಿದ್ದಾನೋ ಎಂಬಂತೆ. “ಅವನು ಬಂದಿದ್ದನಾ?”

“ಇಲ್ಲ. ಬಂದಾಗ ಹೇಳೋಣ ಅಂತ... ಅಭ್ಯಾಸ ಮಾಡ್ತಿದ್ದೆ.”

ಅವನ ಮುಖದ ಮೇಲೆ ನಗು ಬರಲು ನೋಡಿ, ಒಣಗಿದ ನೊರೆಗೆ ತಾಗಿ ಅಲ್ಲೇ ನಿಂತಿತು. ಅವಳಿಗೆ ಅದೂ ಸಿಟ್ಟು ತರಿಸಿತು.

---

ಇಷ್ಟಕ್ಕೆಲ್ಲ ಕಾರಣ ಅಮ್ಮ ಬಿದ್ದದ್ದು. ಹಳೆಯ ಬಚ್ಚಲಿನ ಜಾರುವ ನೆಲದಲ್ಲಿ ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಈಗ ಅಮ್ಮ ಅಕ್ಕನ ಮನೆಯಲ್ಲಿದ್ದರು. ಬಚ್ಚಲು ಸರಿಯಾದ ಮೇಲೆ ಬರುವುದೆಂದು ಮಾತಾಗಿತ್ತು. ನೀರು ನಿಲ್ಲದ, ಜಾರದ ನೆಲ ಬೇಕು. ಕೂತು ಏಳಲು ಗೋಡೆಯಲ್ಲಿ ಗಟ್ಟಿಯಾದ ಒಂದು ಹಿಡಿಕೆ ಬೇಕು. ಇಷ್ಟೇ ಅವಳು ಕೇಳಿದ್ದು. ಕಾಂಟ್ರಾಕ್ಟರ್ ಎಲ್ಲದಕ್ಕೂ ತಲೆಯಾಡಿಸಿದ್ದ. ಅವನು ಆಡುತ್ತಿದ್ದ ಮಾತೇ ಒಂದು, “ಆಗೋಯ್ತಕ್ಕ.” ಕೆಲಸ ಶುರುವಾಗುವ ಮೊದಲೂ ಆಗೋಯ್ತಕ್ಕ, ಅರ್ಧಕ್ಕೆ ಬಿಟ್ಟು ಬೇರೆ ಮನೆಯ ಕೆಲಸಕ್ಕೆ ಓಡಿದಾಗಲೂ ಆಗೋಯ್ತಕ್ಕ. ಅವಳು ಮನಸ್ಸಿನಲ್ಲೇ ಅವನಿಗೆ ಅದೇ ಹೆಸರಿಟ್ಟಿದ್ದಳು.

ಆಗೋಯ್ತಕ್ಕ ಹಾಕಿದ ನೆಲದಲ್ಲಿ ನೀರು ಚರಂಡಿಯ ಜಾಲರಿಗೆ ಬೆನ್ನು ತಿರುಗಿಸಿ ಬಾಗಿಲ ಕಡೆ ಹೊರಡುತ್ತಿತ್ತು. ಟೈಲ್ಸ್ ಮೇಲೆ ಬೆರಳಿನಿಂದ ತಟ್ಟಿದರೆ ಅಲ್ಲಲ್ಲಿ ಖಾಲಿ ಡಬ್ಬದ ಸದ್ದು. ಇನ್ನು ಆ ಹಿಡಿಕೆ. ಮೊದಲ ಸಲ ಅದನ್ನು ಹಿಡಿದು ಸುಮ್ಮನೆ ಜಗ್ಗಿ ನೋಡಿದಾಗ, ಅದು ತೂಕಡಿಸುತ್ತಿದ್ದವನ ತಲೆಯಂತೆ ಮುಂದಕ್ಕೆ ಬಾಗಿತ್ತು. ಅಮ್ಮ ಭಾರ ಹಾಕುವುದು ಇದರ ಮೇಲೆ.

ಆದರೆ ಅವನು ಎದುರಿಗೆ ಬಂದು ನಿಂತರೆ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. “ಪರವಾಗಿಲ್ಲ, ಸ್ವಲ್ಪ ನೋಡಿ.”

ಅವಳ ನೌಕರಿಯೇ ಅಂಥದ್ದು. ಬಸ್ ಕಂಪನಿಯೊಂದರ ಕಚೇರಿಯಲ್ಲಿ ಕೂತು, ಪ್ರಯಾಣಿಕರು ಬರೆದ ದೂರುಗಳಿಗೆ ಉತ್ತರ ಬರೆಯುತ್ತಿದ್ದಳು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಜಗತ್ತಿನ ಸಿಟ್ಟೆಲ್ಲ ಅವಳ ಮೇಜಿಗೆ ಬಂದು ತಣ್ಣಗಾಗಿ ಹೋಗುತ್ತಿತ್ತು. ಅವಳ ಸಿಟ್ಟನ್ನು ಹಾಕಲು ಮೇಜಿರಲಿಲ್ಲ. ಅದಕ್ಕೆಂದೇ ಪ್ರತಿ ಬೆಳಿಗ್ಗೆ ಆ ಬಚ್ಚಲಿಗೆ ಹೋಗಿ, ಹಾಳಾದ ಕೆಲಸದ ಸಾಕ್ಷಿಯ ಎದುರೇ ನಿಂತು, ಒಂದೊಂದೇ ಮಾತನ್ನು ಆರಿಸಿ, ತಿದ್ದಿ, ಗಟ್ಟಿಯಾಗಿ ಹೇಳಿ ನೋಡುತ್ತಿದ್ದಳು.

---

“ನನಗೆ ಅವನು ಹೇಳಿದ್ದೇ ಬೇರೆ,” ಎಂದ ಕೆಳಗಿನ ಮನೆಯವನು, ಬಾಗಿಲಲ್ಲೇ ನಿಂತು. “ಮೇಲಿನ ಮನೆ ಮೇಡಂ ಭಾರಿ ಕೋಪಿಷ್ಠೆ ಸಾರ್, ತೂತು ಮುಚ್ಚೋಕೆ ಒಳಗೇ ಬಿಟ್ಕೊಳ್ತಿಲ್ಲ ಅಂದ. ದಿನಾ ಬೆಳಿಗ್ಗೆ ನಿಮ್ಮ ಮಾತು ಬೇರೆ ಕೇಳಿಸ್ತಿತ್ತಲ್ಲ, ನಂಬದೆ ಏನು ಮಾಡ್ಲಿ?”

“ನನಗೆ, ಕೆಳಗಿನ ಮನೆಯವರು ಬಾಗಿಲೇ ತೆಗಿಯಲ್ಲ, ಅದಕ್ಕೆ ತೂತು ಹಾಗೇ ಇದೆ ಅಂದ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನ ಕಣ್ಣಿನಲ್ಲಿ ಸಿಟ್ಟು ಏರುವುದನ್ನು ಅವಳು ನೋಡಿದಳು. ತನ್ನದೇ ಸಿಟ್ಟು ಇನ್ನೊಬ್ಬರ ಮುಖದ ಮೇಲೆ ಅಷ್ಟು ಸ್ಪಷ್ಟವಾಗಿ ಕಾಣುವುದು ಒಂದು ಥರದ ಸಮಾಧಾನ ಎಂದು ಅವಳಿಗೆ ಗೊತ್ತಿರಲಿಲ್ಲ.

“ಅಂದ್ರೆ ಇಷ್ಟು ದಿನ ಅವನ ಪಾಲಿನ ಬೈಗುಳ ನಾನು ತಿಂದಿದ್ದೀನಿ,” ಎಂದ ಅವನು. “ಅದೂ ಖಾಲಿ ಹೊಟ್ಟೇಲಿ.”

“ನೀವ್ಯಾಕೆ ಕೇಳಿಸ್ಕೊಂಡ್ರಿ? ಕೆಮ್ಮಬಹುದಿತ್ತು. ನಲ್ಲಿ ಬಿಡಬಹುದಿತ್ತು. ಇನ್ನೊಬ್ಬರು ಒಂಟಿಯಾಗಿ ಆಡೋ ಮಾತನ್ನ ಹಾಗೆ ನಿಂತು ಕೇಳ್ತಾರಾ?”

“ನನ್ನನ್ನೇ ಬೈತಿದ್ದೀರಿ ಅಂದ್ಕೊಂಡವನು ಯಾಕ್ರೀ ಕೆಮ್ಮಲಿ?” ಅವನು ತುಸು ತಡೆದು, ದನಿ ತಗ್ಗಿಸಿದ. “ಆಮೇಲಾಮೇಲೆ... ಇವತ್ತು ಯಾವ ಮಾತು ಬರುತ್ತೆ ಅಂತ ಕಾಯೋ ಹಾಗಾಯ್ತು. ಅದು ನನ್ನ ತಪ್ಪೇ.”

ಅವಳು ಬಾಗಿಲು ಹಾಕಿಕೊಂಡಳು. ಕನ್ನಡಿಯಲ್ಲಿ ನೋಡಿದರೆ ಮುಖ ಕೆಂಪಾಗಿತ್ತು. ಕೋಪಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

---

ಸಂಜೆ ಅವನು ಕರೆದ ಮೇಲೆ ಕೆಳಗೆ ಹೋಗಿ ನೋಡಿದಳು. ಅವನ ಕೋಣೆಯ ಚಾವಣಿಯಲ್ಲಿ ಚಹಾ ಚೆಲ್ಲಿದಂತೆ ಕಂದು ಕಲೆ. ಅದರ ಕೆಳಗೆ, ಓದುವ ಮೇಜಿನ ಮೇಲೆ, ಒಂದು ಸ್ಟೀಲಿನ ಪಾತ್ರೆ. ಅದರಲ್ಲಿ ಹನಿಯೊಂದು ಟಣ್ ಎಂದು ಬಿದ್ದಿತು.

“ನಿಮಗಾದ ತೊಂದರೆಗೆ ವಿಷಾದ...” ಎಂದು ಅವಳ ಬಾಯಿ ತಾನಾಗಿ ಶುರುಮಾಡಿತು.

“ನೀವ್ಯಾಕೆ ವಿಷಾದಿಸ್ತೀರಿ? ನೀವು ಟೈಲ್ಸ್ ಹಾಕಿದ್ರಾ?”

ಒಬ್ಬನೇ ಇರುವ ಮನೆ. ಎಲ್ಲವೂ ಅದರದರ ಜಾಗದಲ್ಲಿತ್ತು, ಆ ಪಾತ್ರೆಯೊಂದನ್ನು ಬಿಟ್ಟು. ಅವನ ಕೆಲಸ ಕಿವಿಯ ಪರೀಕ್ಷೆ. ಜನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಸಣ್ಣ ಸಣ್ಣ ಸದ್ದು ಕಳಿಸಿ, ಕೇಳಿಸ್ತಾ ಎಂದು ಕೇಳುವುದು. “ಎಷ್ಟೋ ಜನಕ್ಕೆ ಕಿವಿ ಸರಿಯಾಗೇ ಇರುತ್ತೆ,” ಎಂದ. “ಮನೇಲಿ ಯಾರೂ ಏನೂ ಹೇಳಲ್ಲ, ಅಷ್ಟೇ.”

ಹೇಳಿ ತಲೆ ತಗ್ಗಿಸಿದ. ಅವನ ರೆಪ್ಪೆಗಳು ಹೆಣ್ಣುಮಕ್ಕಳ ರೆಪ್ಪೆಗಳಷ್ಟು ಉದ್ದ ಇವೆ ಎಂಬುದು, ಕಾಂಟ್ರಾಕ್ಟರನ ಮೇಲಿನ ಸಿಟ್ಟಿನ ನಡುವೆಯೂ, ಅವಳ ಗಮನಕ್ಕೆ ಬಂದಿತು.

ಮರುದಿನ ಬೆಳಿಗ್ಗೆ ಅವಳು ಆ ಹೊತ್ತಿಗೆ ಬಚ್ಚಲಿಗೆ ಹೋಗಬಾರದೆಂದೇ ಇದ್ದಳು. ಹೋದಳು.

“ಕೇಳಿಸ್ತಾ?” ಎಂದಿತು ಪೈಪಿನ ಬುಡ.

“ಇಲ್ಲ.”

“ಸರಿ. ನೀವು ಗೋಡೆಗೆ ಹೇಳ್ಕೊಂಡ್ರೆ ಪ್ರಯೋಜನ ಇಲ್ಲ. ಗೋಡೆ ಎದುರು ಮಾತಾಡಲ್ಲ. ನಾನೇ ಆ ಕಾಂಟ್ರಾಕ್ಟರ್ ಅಂದ್ಕೊಳ್ಳಿ. ಹೂಂ, ಬೈರಿ.”

ಅವಳು ಮೊದಲು ಒಲ್ಲೆ ಎಂದಳು, ಆಮೇಲೆ ಗಂಟಲು ಸರಿಮಾಡಿಕೊಂಡಳು. “ನೋಡಿ, ನೀರು ಬಾಗಿಲ ಕಡೆ ಹರೀತಿದೆ.”

“ಹರೀಲಿ ಬಿಡಿ, ಹೊಸ ನೆಲ, ಒಂದಷ್ಟು ದಿನ ಹಾಗೇ.”

“ನೀರಿಗೆ ಹೊಸ ನೆಲ ಹಳೆ ನೆಲ ಗೊತ್ತಾಗುತ್ತಾ? ನೀವು ಇಳಿಜಾರು ಕೊಟ್ಟಿದ್ದೇ ಉಲ್ಟಾ.”

“ಆಗೋಯ್ತಕ್ಕ, ನಾಳೆ...”

“ಅಕ್ಕ ಅನ್ಬೇಡಿ.”

ಕೆಳಗೆ ರೇಜರನ್ನು ತಟ್ಟೆಯ ಮೇಲಿಟ್ಟ ಸದ್ದು.

“ಅವನು ಹಾಗೇ ತಾನೇ ಅನ್ನೋದು?” ಎಂದ ಅವನು, ಮೆಲ್ಲಗೆ.

“ಅವನು ಅನ್ನಲಿ. ನೀವು ನಾಟಕಕ್ಕೂ ಅನ್ಬೇಡಿ.”

ಆ ದಿನ ಕಚೇರಿಯಲ್ಲಿ ಅವಳು ಒಬ್ಬ ಪ್ರಯಾಣಿಕನಿಗೆ, ನಿಮಗಾದ ತೊಂದರೆಗೆ ಸಂತೋಷಿಸುತ್ತೇವೆ ಎಂದು ಬರೆದು, ಕಳಿಸುವ ಮುನ್ನ ನೋಡಿಕೊಂಡು ಗಾಬರಿಯಾದಳು.

ಆಮೇಲಿನ ಬೆಳಗುಗಳು ಹೀಗೇ ಹೋದವು. ಅವನು ಕಳ್ಳ ಕಾಂಟ್ರಾಕ್ಟರನಾಗಿ ನೆಪ ಹೇಳುವುದು, ಅವಳು ಅದನ್ನು ಕತ್ತರಿಸುವುದು. ಕೆಲವು ಸಲ ಅವಳ ಮಾತಿಗೆ ಅವನು ತೂತಿನಾಚೆ ನಕ್ಕುಬಿಡುತ್ತಿದ್ದ. ಆ ನಗು ಪೈಪಿನಗುಂಟ ಮೇಲೇರಿ ಬಂದು ಅವಳ ಕಾಲ ಬಳಿ ನಿಲ್ಲುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಮಾತ್ರ ಇಬ್ಬರಿಗೂ ಮಾತು ಹೊರಡದು. ತಲೆಯಾಡಿಸಿ, ದಾರಿ ಬಿಡಲು ಇಬ್ಬರೂ ಒಂದೇ ಕಡೆ ಸರಿದು, ಮತ್ತೆ ಇನ್ನೊಂದು ಕಡೆ ಸರಿದು ಅಂತೂ ದಾಟಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅಮ್ಮನ ಫೋನು ಬಂತು. “ನಿಮ್ಮಕ್ಕನ ಮನೇಲಿ ನಾನು ಸೋಫಾ ಕವರ್ ಆಗೋಗಿದ್ದೀನಿ ಕಣೇ. ಅಲ್ಲೇ ಬಿದ್ದಿರ್ತೀನಿ, ಬಂದೋರೆಲ್ಲ ನೋಡ್ಕೊಂಡು ಹೋಗ್ತಾರೆ. ಬಚ್ಚಲಾಯ್ತೋ ಇಲ್ವೋ?”

“ಆಗ್ತಿದೆಯಮ್ಮ.”

“ಅವನನ್ನ ಸರಿಯಾಗಿ ಕೇಳ್ದ್ಯಾ?”

“ಕೇಳ್ದೆ.”

“ನೀನು ಕೇಳೋ ಚಂದ ನನಗೆ ಗೊತ್ತಿಲ್ವಾ? ತರಕಾರಿ ಕೊಳೆತಿದ್ರೆ ಅಂಗಡಿಯವನಿಗೆ ನೀನೇ ಸಾರಿ ಅಂತೀಯ. ಈ ಭಾನುವಾರ ಬರ್ತೀನಿ. ನನ್ನ ಬಚ್ಚಲಲ್ಲಿ ನಾನು ಸ್ನಾನ ಮಾಡ್ಬೇಕು, ಯಾರ ಕೈಯೂ ಹಿಡೀದೆ.”

ಯಾರ ಕೈಯೂ ಹಿಡಿಯದೆ. ಅವಳು ಹೋಗಿ ಆ ಹಿಡಿಕೆಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಕಾಂಟ್ರಾಕ್ಟರನಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಬರಲೇಬೇಕು ಎಂದಳು.

---

ಆಗೋಯ್ತಕ್ಕ ಬಂದ, ಕೈಯಲ್ಲಿ ಬಿಳಿ ಸಿಮೆಂಟಿನ ಒಂದು ಪುಟ್ಟ ಪೊಟ್ಟಣ ಹಿಡಿದು. ಇಡೀ ಬಚ್ಚಲಿಗೆ ಅವನ ಮದ್ದು ಅದು.

“ಸಂದಿಗೆಲ್ಲ ಇದನ್ನ ಬಳಿದ್ರೆ ಮುಗೀತು ಅಕ್ಕ. ಲಕಲಕ ಅನ್ನುತ್ತೆ.”

“ಅದಲ್ಲ... ನೀರು...” ಎಂದಳು. ಅಭ್ಯಾಸ ಮಾಡಿದ ಮಾತುಗಳೆಲ್ಲ ಎಲ್ಲಿ ಹೋದವೋ. ಅವನು ಅವಳ ಕಡೆ ನೋಡದೆಯೇ ಪೊಟ್ಟಣದ ಬಾಯಿ ಹರಿಯತೊಡಗಿದ್ದ.

“ನೀವು ಓದಿದೋರು ಸುಮ್ಮನೆ ತಲೆ ಕೆಡಿಸ್ಕೊಳ್ತೀರ ಅಕ್ಕ. ಹೋಗಿ ಕಾಫಿ ಕುಡೀರಿ.”

ಮೆಟ್ಟಿಲ ಮೇಲೆ ದಡಬಡ ಹೆಜ್ಜೆ. ತೆರೆದಿದ್ದ ಬಾಗಿಲಿನಿಂದ ಕೆಳಗಿನ ಮನೆಯವನು ಒಳಗೆ ಬಂದ. ಎರಡೂ ಕೆನ್ನೆಗಳು ನುಣ್ಣಗಿದ್ದವು. ಅವನು ಬಚ್ಚಲ ಬಾಗಿಲಲ್ಲಿ ನಿಂತು, ಎದೆಯುಬ್ಬಿಸಿ ಹೇಳಿದ: “ತಾನು ಮಾಡಿದ ಕೆಲಸದ ಎದುರು ನಿಂತ್ಕೊಳ್ಳೋಕೆ ಆಗದವರು ಕೆಲಸಕ್ಕೆ ಕೈ ಹಾಕ್ಬಾರ್ದು. ಮರ್ಯಾದೆ ಕೊಟ್ಟು ಮಾತಾಡಿಸಿದ್ದನ್ನ ನೀವು ಸಸಾರ ಅಂದ್ಕೊಂಡ್ರಿ.”

ಕಾಂಟ್ರಾಕ್ಟರ್ ಪೊಟ್ಟಣ ಕೆಳಗಿಟ್ಟು ನೆಟ್ಟಗೆ ನಿಂತ. “ಸಾರ್, ಎಂಥ ಮಾತು ಹೇಳಿದ್ರಿ. ಹೀಗೆ ಬಿಡಿಸಿ ಹೇಳಿದ್ರೆ ನಮಗೂ ಅರ್ಥ ಆಗುತ್ತೆ. ಅಕ್ಕ ಏನೂ ಹೇಳಲೇ ಇಲ್ಲ. ಏನೇನು ಆಗ್ಬೇಕು ನೀವು ಹೇಳಿ ಸಾರ್.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಪಾದದಿಂದ ಏನೋ ಏರಿ ಬಂತು. ತಾನು ಎಷ್ಟೋ ಬೆಳಗು ನಿಂತು, ಒಂದೊಂದು ಪದ ಹೆಕ್ಕಿ ಕಟ್ಟಿದ ಮಾತು. ತನ್ನ ಬಚ್ಚಲು. ತನ್ನ ಅಮ್ಮ. ಇಬ್ಬರು ಗಂಡಸರು ಅದರ ನಡುವೆ ನಿಂತು ಪರಸ್ಪರ ತಲೆಯಾಡಿಸುತ್ತಿದ್ದಾರೆ.

“ಅದು ನನ್ನ ಮಾತು,” ಎಂದಳು.

ಕೆಳಗಿನ ಮನೆಯವನು ನಗುತ್ತ ತಿರುಗಿದ. “ಹೌದು, ನಿಮ್ಮದೇ. ನೀವು ಹೇಳೋಕೆ ಕಷ್ಟಪಡ್ತಿದ್ರಿ ಅಂತ...”

“ಕಷ್ಟಪಡ್ತಿದ್ದೆ. ಪಡೋಕೆ ಬಿಡಬೇಕಿತ್ತು. ನನ್ನ ಮಾತನ್ನ ಎತ್ಕೊಂಡು ಬಂದು ನನ್ನ ಮನೇಲೇ, ನನ್ನ ಮುಂದೇ ಹೇಳ್ತೀರಲ್ಲ, ಅವನು ನೆಲ ಕೆಡಿಸಿದ, ನೀವೇನು ಕಡಿಮೆ? ಸ್ವಲ್ಪ ಆ ಕಡೆ ನಿಂತ್ಕೊಳ್ಳಿ.”

ಅವನು ನಿಂತಲ್ಲಿಂದ ಸರಿದ. ನಗು ಪೂರ್ತಿ ಇಳಿದಿತ್ತು.

ಅವಳು ಕಾಂಟ್ರಾಕ್ಟರನ ಕಡೆ ತಿರುಗಿದಳು. “ಅಲ್ಲಿ ಅಮ್ಮನ ಸ್ಟೂಲ್ ಇದೆ. ಕೂತ್ಕೊಳ್ಳಿ.”

“ನಾನ್ಯಾಕಕ್ಕ?”

“ಕೂತ್ಕೊಳ್ಳಿ.”

ಅವನು ಕೂತ. ಅವಳು ಬಕೆಟ್ ಎತ್ತಿ ಚರಂಡಿಯ ಪಕ್ಕದಲ್ಲೇ ನೀರು ಹುಯ್ದಳು. ನೀರು ಜಾಲರಿಯನ್ನು ಕಣ್ಣೆತ್ತಿಯೂ ನೋಡದೆ ಅವನ ಕಾಲಡಿ ಬಂದು, ಅಲ್ಲಿ ಕೆರೆ ಕಟ್ಟಿ, ಹೊಸ್ತಿಲು ದಾಟಿ ಹೊರಗೆ ನಡೆಯಿತು.

“ನಿಮ್ಮ ಸೊಂಟಕ್ಕೆ ಆಪರೇಷನ್ ಆಗಿದೆ ಅಂದ್ಕೊಳ್ಳಿ. ಸ್ನಾನ ಮುಗೀತು. ಕಾಲಿಗೆ ಬಲ ಇಲ್ಲ. ಈಗ ಆ ಹಿಡಿಕೆ ಹಿಡ್ಕೊಂಡು ಏಳಿ.”

ಅವನು ಹಿಡಿಕೆಯನ್ನು ನೋಡಿದ. ಕೈ ಚಾಚಲಿಲ್ಲ. “ಇದು... ಇಷ್ಟು ಭಾರ ತಡ್ಯಲ್ಲ ಅಕ್ಕ.”

“ನಮ್ಮಮ್ಮನ ಭಾರ ತಡ್ಯುತ್ತಾ?”

ಅವಳೇ ಮುಂದೆ ಬಂದು ಹಿಡಿಕೆಯನ್ನು ಹಿಡಿದು ಜಗ್ಗಿದಳು. ಅದು ಗೋಡೆಯಿಂದ, ಒಂದು ಹಿಡಿ ಪುಡಿಯ ಸಮೇತ, ಸಲೀಸಾಗಿ ಅವಳ ಕೈಗೆ ಬಂತು. ಅದನ್ನು ಅವನ ತೊಡೆಯ ಮೇಲಿಟ್ಟಳು.

“ಇದು ಭಾರ ತಡ್ಯಲ್ಲ ಅಂತ ನಿಮಗೆ ಗೊತ್ತಿತ್ತು,” ಎಂದಳು. ಧ್ವನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟಳು. “ಗೊತ್ತಿದ್ದೂ ಹಾಕಿದ್ರಿ. ಅವರು ಬಿದ್ದ ಮೇಲೆ ಬಂದು ಏನಂತಿದ್ರಿ? ಆಗೋಯ್ತಕ್ಕ ಅಂತಿದ್ರಾ? ನೆಲ ಪೂರ್ತಿ ಒಡೀರಿ. ಇವತ್ತೇ ಶುರು ಮಾಡಿ. ನೆಲದ ಮೇಲೆ ನೀರು ನಿಲ್ಲಿಸಿ ನೋಡಿ, ಕೆಳಗೆ ಒಂದು ಹನಿ ಇಳಿಯಲ್ಲ ಅಂತ ಆದ್ಮೇಲೆ ಟೈಲ್ಸ್. ಹಿಡಿಕೆ ಹಾಕಿದ್ಮೇಲೆ ಮೊದಲು ನೀವು ಜೋತುಬೀಳ್ಬೇಕು, ನಾನು ನೋಡ್ಬೇಕು. ಕೆಳಗಿನ ಮನೆ ಚಾವಣೀನೂ ನಿಮ್ಮದೇ. ಅಲ್ಲೀವರೆಗೂ ನಾನು ಕಚೇರಿಗೆ ಹೋಗಲ್ಲ. ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ.”

ಕಾಂಟ್ರಾಕ್ಟರ್ ಒದ್ದೆ ಪ್ಯಾಂಟಿನಲ್ಲಿ ಎದ್ದ. ಬಾಯಿ ತೆರೆದ. ಅವನ ಎಂದಿನ ಮಾತು ನಾಲಿಗೆಯ ತುದಿಗೆ ಬಂದದ್ದು ಕಂಡಿತು, ನುಂಗಿಕೊಂಡದ್ದೂ ಕಂಡಿತು. “ಮಾಡ್ತೀನಿ,” ಎಂದ.

ಕೆಳಗಿನ ಮನೆಯವನು ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. “ನಿಮಗಿನ್ನೇನು ಕೆಲಸ ಇಲ್ಲಿ?” ಎಂದಳು. ಅವನು ಮೆಟ್ಟಿಲಿಳಿದು ಹೋದ. ಬಂದಾಗಿನ ದಡಬಡ ಇರಲಿಲ್ಲ.

---

ಸುತ್ತಿಗೆಯ ಸದ್ದಿನಲ್ಲಿ ದಿನಗಳು ಹೋದವು. ಅಮ್ಮನಿಗೆ ಇನ್ನೊಂದು ಭಾನುವಾರದವರೆಗೆ ತಡೆಯಲು ಹೇಳಿದಳು. ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಪ್ರತಿ ಟೈಲ್ಸನ್ನೂ ಬೆರಳಿನಿಂದ ತಟ್ಟಿ, ಟೊಳ್ಳು ಕೇಳಿಸಿದ್ದನ್ನು ಕೀಳಿಸಿದಳು. ಕಾಂಟ್ರಾಕ್ಟರ್ ಗೊಣಗಿದ. ಗೊಣಗಿಕೊಂಡೇ ಮಾಡಿದ.

ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲು, ಪೈಪಿನ ಬುಡದಿಂದ ಧ್ವನಿ ಬರುತ್ತಿತ್ತು. “ಕೇಳಿಸ್ತಾ?” ಅವಳು ಉತ್ತರಿಸುತ್ತಿರಲಿಲ್ಲ. “ತಪ್ಪಾಯ್ತು ಕಣ್ರೀ.” ಉತ್ತರಿಸುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ಅವಳು ಆ ಮೂಲೆಯಲ್ಲೇ ಇರುತ್ತಿದ್ದಳು. ಕಾಫಿ ಆರಿಹೋಗುತ್ತಿತ್ತು. ಸಿಟ್ಟು ಇನ್ನೂ ಇದೆಯಾ ಎಂದು ದಿನವೂ ಒಳಗೆ ತಡಕಿ ನೋಡಿದಳು. ಇತ್ತು. ಅದರ ಪಕ್ಕದಲ್ಲೇ ಇನ್ನೇನೋ ಕೂತಿತ್ತು, ಎಬ್ಬಿಸಿದರೂ ಏಳದಂತೆ.

ಒಂದು ಬೆಳಿಗ್ಗೆ ಧ್ವನಿಯೇ ಬರಲಿಲ್ಲ. ರೇಜರಿನ ಸದ್ದೂ ಇಲ್ಲ. ಆ ದಿನ ಅವಳು ಕಾಂಟ್ರಾಕ್ಟರನ ಮೇಲೆ ವಿನಾಕಾರಣ ರೇಗಿದಳು.

ಕೊನೆಯ ಕೆಲಸ, ನೀರು ನಿಲ್ಲಿಸಿ ನೋಡುವಾಗ ಸುತ್ತ ಗಾರೆಯ ಕಟ್ಟೆ ಕಟ್ಟಿ ಹಾಗೇ ಬಿಟ್ಟಿದ್ದ ಆ ತೂತು. ಮಧ್ಯಾಹ್ನದ ಹೊತ್ತು, ಕಾಂಟ್ರಾಕ್ಟರ್ ಗಾರೆ ಕಲಸಿಕೊಂಡು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತ. “ಮುಚ್ಚಿಬಿಡ್ಲಾ ಅಕ್ಕ?”

“ಒಂದು ನಿಮಿಷ ಇರಪ್ಪ,” ಎಂದಿತು ಕೆಳಗಿನ ಧ್ವನಿ.

ಕಾಂಟ್ರಾಕ್ಟರ್ ಕರಣೆ ಕೈಯಲ್ಲಿ ಹಿಡಿದು ಹಾಗೇ ಕೂತ.

“ಕೇಳಿಸ್ತಾ?” ಎಂದ ಅವನು. “ಉತ್ತರ ಕೊಡ್ಬೇಡಿ, ಕೇಳಿಸ್ಕೊಳ್ಳಿ ಸಾಕು. ನಿಮ್ಮ ಮಾತು ನಾನು ಕದ್ದೆ. ಅಷ್ಟು ಚೆನ್ನಾಗಿತ್ತು, ನನಗೂ ಒಂದ್ಸಲ ಹೇಳ್ಬೇಕು ಅನ್ನಿಸ್ತು. ಹೇಳಬಾರ್ದಿತ್ತು. ಈಗ ನನ್ನ ಹತ್ರ ನನ್ನದೇ ಒಂದು ಮಾತಿದೆ. ನಿಮ್ಮದು ಒಂದು ಪದಾನೂ ಅದರಲ್ಲಿಲ್ಲ. ನಾಕಾರು ದಿನದಿಂದ ಅಭ್ಯಾಸ ಮಾಡ್ತಿದ್ದೀನಿ, ಕೋಣೇಲಿ, ಆ ಕಲೆ ಕೆಳಗೆ ನಿಂತ್ಕೊಂಡು. ತೂತು ಮುಚ್ಚೋದ್ರೊಳಗೆ ಹೇಳ್ಬಿಡ್ತೀನಿ.”

ಕಾಂಟ್ರಾಕ್ಟರ್ ಅವಳ ಮುಖ ನೋಡಿದ, ತೂತನ್ನು ನೋಡಿದ, ಕೊನೆಗೆ ಚಾವಣಿ ನೋಡತೊಡಗಿದ.

ಅವಳು ಮೊದಲ ಬಾರಿ ಆ ಮೂಲೆಗೆ ಬಾಗಿ, ತೂತಿಗೆ ಬಾಯಿ ಹತ್ತಿರ ತಂದು ಹೇಳಿದಳು:

“ಅಂಥ ಮಾತನ್ನ ಪೈಪ್ ಸಂದಿಯಲ್ಲಿ ಹೇಳ್ತಾರಾ? ಮೆಟ್ಟಿಲಿದೆ. ಬಾಗಿಲಿದೆ. ಬಂದು ಎದುರಿಗೆ ನಿಂತು ಹೇಳಿ.”

ಎದ್ದು ನಿಂತು, “ಮುಚ್ಚಿ,” ಎಂದಳು ಕಾಂಟ್ರಾಕ್ಟರನಿಗೆ. “ಉಸಿರೂ ಹೋಗ್ಬಾರ್ದು, ಹಾಗೆ ಮುಚ್ಚಿ.”

---

ಅವನು ಬಂದದ್ದು ಭಾನುವಾರ ಸಂಜೆ. ಅಷ್ಟರಲ್ಲಿ ಅಮ್ಮ ಬಂದಾಗಿತ್ತು. ಕೋಲೂರಿಕೊಂಡು ನೇರ ಬಚ್ಚಲಿಗೇ ಹೋಗಿ, ಮಗಳನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಿದ್ದರು. ಅವಳು ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದಾಗಲೇ ಕರೆಗಂಟೆ ಬಾರಿಸಿತು.

ಇಸ್ತ್ರಿ ಮಾಡಿದ ಅಂಗಿ. ಗದ್ದದ ಮೇಲೆ, ಗಡ್ಡ ತೆಗೆಯುವಾಗ ಆದ ಒಂದು ಸಣ್ಣ ಗಾಯ. ಅವನು ಬಾಯಿ ತೆರೆದ. ಅವಳ ಕಣ್ಣು ನೋಡಿದ. ಬಾಯಿ ಮುಚ್ಚಿದ.

“ಏನು?” ಎಂದಳು.

“ಮರೆತುಹೋಯ್ತು,” ಎಂದ ಅವನು, ಪೆಚ್ಚಾಗಿ. “ಕೆಳಗೆ ಚೆನ್ನಾಗೇ ಬರ್ತಿತ್ತು.”

ಪರವಾಗಿಲ್ಲ ಎಂಬ ಮಾತು ಅಭ್ಯಾಸಬಲದಿಂದ ಅವಳ ಗಂಟಲವರೆಗೂ ಬಂತು. ಅವಳು ಅದನ್ನು ಅಲ್ಲೇ ತಡೆದಳು. ಬಾಗಿಲನ್ನು ಪೂರ್ತಿ ತೆರೆದು, ಚೌಕಟ್ಟಿಗೆ ಒರಗಿ, ಕೈಕಟ್ಟಿ ನಿಂತಳು. ಅವನ ರೆಪ್ಪೆಗಳು ಈಗ ಇನ್ನೂ ಹತ್ತಿರದಲ್ಲಿದ್ದವು.

“ಹಾಗೆಲ್ಲ ಬಿಡೋಕಾಗಲ್ಲ,” ಎಂದಳು. “ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ನಾನು ಎಲ್ಲೂ ಹೋಗಲ್ಲ.”

ಬಚ್ಚಲೊಳಗೆ ನೀರು ಹುಯ್ದ ಸದ್ದು. ಆಮೇಲೆ ಅದು ಜಾಲರಿಯಲ್ಲಿ ಗಟಗಟ ಇಳಿದ ಸದ್ದು. ಕೊನೆಗೆ, ಹಿಡಿಕೆ ಹಿಡಿದು ಒಬ್ಬರೇ ಎದ್ದವರ ದೀರ್ಘ ಉಸಿರು.

“ಯಾರೇ ಅದು ಬಾಗಿಲಲ್ಲಿ?” ಎಂದು ಒಳಗಿನಿಂದ ಅಮ್ಮ ಕೂಗಿದರು.

“ಕೆಳಗಿನ ಮನೆಯವರಮ್ಮ.”

“ಏನಂತೆ? ಮತ್ತೆ ಸೋರ್ತಿದ್ಯಂತಾ?”

ಅವನು ನಕ್ಕುಬಿಟ್ಟ. ನಡುವೆ ಪೈಪಿಲ್ಲದೆ ಆ ನಗುವನ್ನು ಅವಳು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

“ಇಲ್ಲಮ್ಮ,” ಎಂದಳು, ಅವನ ಮುಖದಿಂದ ಕಣ್ಣು ತೆಗೆಯದೆ. “ಏನೋ ಹೇಳ್ಬೇಕಂತೆ. ಹೇಳಲಿ ಇರು.”